ಯಾಶಿಕಾ ಲೆನ್ಸಿನ ಒಳಮಬ್ಬು ಕೊನೆಗೂ ಬಿಟ್ಟಿತು

ಯಾಶಿಕಾ-ಮ್ಯಾಟ್ 124ಜಿ ಎಂಬ ಹಳೆಯ ಫಿಲ್ಮ್ ಕ್ಯಾಮೆರಾದ 80 ಎಂ.ಎಂ. ಯಾಶಿನಾನ್ ಲೆನ್ಸಿನೊಳಗೆ ಕೂತಿದ್ದ ಮಬ್ಬು ಹೋಗಿದೆ. ಪೂರ್ತಿ ಹೋಗಿದೆ. ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣವಿದೆ. ಬೆಂಗಳೂರಿನ ಒಬ್ಬ ಹಿರಿಯ ಮೆಕ್ಯಾನಿಕ್ ಟಾರ್ಚ್ ಹಾಕಿ ನೋಡಿ, "ಗಾಜೇ ತಿಂದುಹೋಗಿದೆ, ಬಿಡಿಭಾಗಕ್ಕೆ ಮಾರಿಬಿಡಿ" ಎಂದಿದ್ದರು. ಮುಂಬೈಯ ಇನ್ನೊಬ್ಬರು ಫೋನಿನಲ್ಲೇ ಆರು ಸಾವಿರ ಕೇಳಿ, ಗ್ಯಾರಂಟಿ ಮಾತ್ರ ಇಲ್ಲ ಎಂದರು. ಫಿಲ್ಮ್ ಹುಚ್ಚಿನ ನಮ್ಮ ಗೆಳೆಯರ ನಡುವೆ ನಾನು ಅಮೋನಿಯಾದಿಂದ ಮಬ್ಬು ತೆಗೆಯುವ ಮಾತೆತ್ತಿದಾಗ ನಕ್ಕವರೇ ಹೆಚ್ಚು. ಹಾಗೆ ನಕ್ಕವರಲ್ಲಿ ಕೆಲವರು ಈಗ ತಮ್ಮ ಲೆನ್ಸ್‌ಗಳನ್ನು ಹತ್ತಿಯಲ್ಲಿ ಸುತ್ತಿ ನನ್ನ ವಿಳಾಸಕ್ಕೇ ಕೊರಿಯರ್ ಮಾಡುತ್ತಿದ್ದಾರೆ.

ಕ್ಯಾಮೆರಾ ಸಿಕ್ಕಿದ್ದು ಕುಂದಾಪುರದ ಕಡೆ ಬಾಗಿಲು ಹಾಕಿದ ಒಂದು ಸ್ಟುಡಿಯೊದಿಂದ, ನಾಲ್ಕೂವರೆ ಸಾವಿರಕ್ಕೆ, ಚರ್ಮದ ಚೀಲದ ಸಮೇತ. 1970ರಿಂದ 1986ರವರೆಗೆ ತಯಾರಾದ ಮಾದರಿ. ಸುಸ್ಥಿತಿಯಲ್ಲಿದ್ದರೆ ಅದಕ್ಕಿಂತ ಬಹಳ ಹೆಚ್ಚು ಹೇಳುತ್ತಾರೆ. ಆದರೆ ಕರಾವಳಿಯಲ್ಲಿ ಹತ್ತಾರು ಮಳೆಗಾಲ ಚರ್ಮದ ಚೀಲದೊಳಗೆ ಕಳೆದ ಕ್ಯಾಮೆರಾ ಹೇಗಿರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಫಂಗಸ್ ಅಂಚಿನಲ್ಲಿ ಎರಡು ಎಳೆಯಷ್ಟೇ ಇತ್ತು, ಅದು ಚಿಂತೆಯ ವಿಷಯವಾಗಿರಲಿಲ್ಲ. ತೊಂದರೆ ಇದ್ದದ್ದು ಶಟರಿನ ಎರಡೂ ಬದಿಯ ಗಾಜುಗಳಲ್ಲಿ. ಶಟರನ್ನು ಬಿ ಮೇಲೆ, ಅಂದರೆ ಒತ್ತಿ ಹಿಡಿದಷ್ಟು ಹೊತ್ತು ತೆರೆದೇ ಇರುವ ಸ್ಥಾನದಲ್ಲಿಟ್ಟು ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟರೆ ಹಾಲು ಬೆರೆಸಿದ ನೀರಿನಂತೆ ಬೆಳ್ಳಗೆ. ಮೊದಲ ರೋಲಿನ ಹನ್ನೆರಡು ಚಿತ್ರಗಳಲ್ಲಿ ಒಂದರಲ್ಲೂ ಕಪ್ಪು ಎನ್ನುವ ಬಣ್ಣವೇ ಇರಲಿಲ್ಲ. ಎಚ್‌ಪಿ5 ಎಂಬ ಕಪ್ಪು-ಬಿಳುಪು ಫಿಲ್ಮಿನ ಒಂದು ರೋಲಿಗೆ ಅಷ್ಟೊಂದು ಹಣ ಕೊಟ್ಟು ಬೂದಿ ಬಣ್ಣದ ಚಿತ್ರ ತೆಗೆಯುವ ಚಟ ನನಗಿಲ್ಲ.

ಬಿಚ್ಚುವ ಬಗ್ಗೆ ಹೆಚ್ಚು ಹೇಳುವುದಿಲ್ಲ, ಲೆನ್ಸ್ ಸ್ಪ್ಯಾನರ್ ಹಿಡಿದವರಿಗೆ ಅದು ಹೊಸದಲ್ಲ. ಲೆನ್ಸಿನ ಹೆಸರು ಬರೆದಿರುವ ಮುಂದಿನ ರಿಂಗಿಗೆ ಮಾತ್ರ ಸ್ಪ್ಯಾನರ್ ಹಚ್ಚಬೇಡಿ. ಊರುಗೋಲಿನ ತುದಿಗೆ ಹಾಕುವ ರಬ್ಬರ್ ಬುಷ್ ಸಾಕು, ಮೆಡಿಕಲ್ ಅಂಗಡಿಯಲ್ಲಿ ನಲವತ್ತು ರೂಪಾಯಿ. ಆನ್‌ಲೈನಿನಲ್ಲಿ ಇದೇ ಕೆಲಸದ ರಬ್ಬರ್ ಸೆಟ್‌ಗೆ ಅದಕ್ಕಿಂತ ಬಹಳ ಹೆಚ್ಚು ಕೇಳುತ್ತಾರೆ. ಇದು ಟೆಸ್ಸಾರ್ ಮಾದರಿ, ಮೂರು ಗುಂಪುಗಳಲ್ಲಿ ನಾಲ್ಕು ಗಾಜು. ಮುಂದಿನ ಎರಡು ಒಂದೇ ಕೊಳವೆಯಲ್ಲಿ ತಿರುಚಿಕೊಂಡು ಹೊರಬರುತ್ತವೆ. ಹಿಂದಿನ ಅಂಟಿಸಿದ ಜೋಡಿ ಶಟರಿನ ಆಚೆ ಉಳಿಯುತ್ತದೆ. ನಾನು ಅದನ್ನು ಕಳಚಲಿಲ್ಲ, ಕಳಚುವ ಅಗತ್ಯವೂ ಇಲ್ಲ. ಲಾಕ್ ಇರುವ ಕೇಬಲ್ ರಿಲೀಸ್ ಹಾಕಿ, ಬಿ ಮೇಲೆ ಶಟರ್ ತೆರೆದಿಟ್ಟು, ಬೆಳಕಿನ ಕಿಂಡಿಯಾದ ಅಪರ್ಚರನ್ನು 3.5ಕ್ಕೆ, ಅಂದರೆ ಅತಿ ಅಗಲಕ್ಕೆ ತಂದರೆ ಅದರ ಒಳಮುಖ ಮುಂದಿನಿಂದಲೇ ಸಿಗುತ್ತದೆ. ಹೊರಮುಖ ಫಿಲ್ಮ್ ಕೋಣೆಯಿಂದ ಕೈಗೆಟುಕುತ್ತದೆ. ಈ ಕ್ಯಾಮೆರಾದಲ್ಲಿ ಫೋಕಸ್‌ಗೆ ಲೆನ್ಸ್ ಕೂತಿರುವ ಇಡೀ ಹಲಗೆಯೇ ಮುಂದಕ್ಕೆ ಬರುವುದರಿಂದ ಮುಂದಿನ ಗುಂಪನ್ನು ತೆಗೆದು ಕೊನೆಯವರೆಗೆ ಬಿಗಿದರೆ ಫೋಕಸ್ ಕೆಡುವುದಿಲ್ಲ. ಆಗ್ಫಾ ಐಸೊಲೆಟ್‌ನಂಥ, ಮುಂದಿನ ಗಾಜನ್ನೇ ತಿರುಗಿಸಿ ಫೋಕಸ್ ಮಾಡುವ ಕ್ಯಾಮೆರಾಗಳಲ್ಲಿ ಇದೇ ಧೈರ್ಯ ತೋರಿಸಬೇಡಿ.

ಆ ಕೊಳವೆಯೊಳಗಿನ ಗಾಜು ಹಿಡಿದಿರುವ ರಿಂಗ್ ಒಂದು ವಾರ ಕದಲಲಿಲ್ಲ. ಅದು ಹೇಗೆ ಬಿಟ್ಟಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಿಸಿ ಮಾಡಲಿಲ್ಲ, ಕೊರೆಯಲಿಲ್ಲ ಎಂದಷ್ಟೇ ಹೇಳುತ್ತೇನೆ.

ಇನ್ನು ಸೋತ ದಾರಿಗಳು. ಮೊದಲಿಗೆ ಎಲ್ಲರೂ ಹೇಳುವ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೊಬೈಲ್ ರಿಪೇರಿಯವರಿಗೆ ಮಾರುವ 99 ಶೇಕಡದ್ದು, ಅರ್ಧ ಲೀಟರಿಗೆ ಇನ್ನೂರೈವತ್ತರ ಹತ್ತಿರ. ಅದು ಮಬ್ಬನ್ನು ತೆಗೆಯಲಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ದೂಡಿತು. ಒಣಗಿದ ಮೇಲೆ ಕಾಮನಬಿಲ್ಲಿನ ಪಟ್ಟಿ ಬೇರೆ. ಲೈಟರಿಗೆ ತುಂಬುವ ನಾಫ್ತಾ ಸ್ವಲ್ಪ ವಾಸಿ: ಮೇಲಿನ ಜಿಡ್ಡು ಹೋಯಿತು, ಅದರಡಿಯಲ್ಲಿ ಗಟ್ಟಿಯಾಗಿ ಕೂತ ತೆಳುಪದರ ಹಾಗೇ ಉಳಿಯಿತು. ಕ್ಯಾಮೆರಾ ಅಂಗಡಿಯ ನೀಲಿ ಬಾಟಲಿಯ ಲೆನ್ಸ್ ಕ್ಲೀನರ್ ಬಗ್ಗೆ ಬರೆಯುವುದು ಶಾಯಿಗೆ ದಂಡ. ವಿನೆಗರಿನಿಂದ ಫಂಗಸ್ಸಿನ ಎಳೆಗಳು ಹೋದವು, ಮಬ್ಬು ಕಣ್ಣೆತ್ತಿಯೂ ನೋಡಲಿಲ್ಲ. ಹಳೆಯ ಲೈಕಾ ಲೆನ್ಸ್‌ಗಳವರು ಪಿಸುಮಾತಿನಲ್ಲಿ ಹೇಳುವ ಪಾಂಡ್ಸ್ ಕೋಲ್ಡ್ ಕ್ರೀಮ್ ಕೂಡ ಹಚ್ಚಿದೆ. ನಿಜ ಹೇಳಬೇಕೆಂದರೆ ಅದು ಐಪಿಎಗಿಂತ ಹೆಚ್ಚು ಕೆಲಸ ಮಾಡಿತು. ಆದರೆ ಅದರ ಮೇಣವನ್ನು ತೆಗೆಯುವುದೇ ಇನ್ನೊಂದು ಸಾಹಸ. ಇಡೀ ಕೋಣೆ ಅಜ್ಜಿಯ ಪೆಟ್ಟಿಗೆಯ ಪರಿಮಳ ಸೂಸಿದ್ದು ಲಾಭ.

ಕನ್ನಡಕದ ಅಂಗಡಿಯವರೊಬ್ಬರು ಸೀರಿಯಂ ಆಕ್ಸೈಡ್ ಪುಡಿ ಕೊಟ್ಟು, ಉಜ್ಜಿದರೆ ಹೊಳೆಯುತ್ತದೆ ಎಂದರು. ಹೊಳೆಯುತ್ತದೆ, ನಿಜ. ಒಂದು ಗುಜರಿ ಲೆನ್ಸಿನ ಮೇಲೆ ಪ್ರಯೋಗಿಸಿದಾಗ ಮಬ್ಬಿನ ಜೊತೆಗೆ ಬೆಳಕಿನ ಪ್ರತಿಫಲನ ತಡೆಯುವ ನೇರಳೆ ಕೋಟಿಂಗೂ ಹೋಯಿತು. ಕೋಟಿಂಗ್ ಇಲ್ಲದ ಗಾಜಿನಲ್ಲಿ ಬೆಳಕಿನೆದುರು ತೆಗೆದ ಚಿತ್ರ ಮಬ್ಬಿದ್ದಾಗಿನಷ್ಟೇ ಸಪ್ಪೆ. ಕೋಟಿಂಗ್ ಬಲಿಕೊಟ್ಟು ಮಬ್ಬು ಕಳೆಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಗೆದ್ದದ್ದು ಪೆರಾಕ್ಸೈಡ್ ಮತ್ತು ಅಮೋನಿಯಾ. ಇದು ನನ್ನ ಆವಿಷ್ಕಾರವಲ್ಲ, ಫಂಗಸ್ಸಿಗೆ ಬಹಳ ಜನ ಬಳಸುತ್ತಾರೆ. ಎಲ್ಲರೂ ಹತ್ತಿಯನ್ನು ಅದ್ದಿ ಒರೆಸಿ ಬಿಡುತ್ತಾರೆ, ಆಗದಿದ್ದರೆ ಗಾಜು ತಿಂದಿದೆ ಎನ್ನುತ್ತಾರೆ. ಒರೆಸುವುದು ಇಲ್ಲಿ ಕೆಲಸವೇ ಅಲ್ಲ, ನೆನೆಸುವುದು ಕೆಲಸ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸುಮಾರು 6 ಶೇಕಡದ ಪೆರಾಕ್ಸೈಡ್, ಬಾಟಲಿಗೆ ಮೂವತ್ತೋ ನಲವತ್ತೋ ರೂಪಾಯಿ. ಅಮೋನಿಯಾ ಲ್ಯಾಬ್ ಸಾಮಾನಿನ ಅಂಗಡಿಯಿಂದ ತಂದದ್ದು. ಅದು 25 ಶೇಕಡದ ಘಾಟು ಸರಕು, ಒಂದಕ್ಕೆ ಐದರಷ್ಟು ನೀರು ಬೆರೆಸಿ ಇಳಿಸಿಕೊಂಡೆ. ಇಳಿಸಿದ ಅಮೋನಿಯಾ ಮತ್ತು ಪೆರಾಕ್ಸೈಡ್ ಸಮಸಮ. ಬೇಕಾದಷ್ಟನ್ನೇ ಆಗಿಂದಾಗ ಬೆರೆಸಬೇಕು. ಉಳಿದದ್ದನ್ನು ಮುಚ್ಚಿದ ಬಾಟಲಿಯಲ್ಲಿಟ್ಟರೆ ಅನಿಲ ತುಂಬಿ ಬಾಟಲಿ ಸಿಡಿಯಬಹುದು. ಕಿಟಕಿ ತೆರೆದಿರಲಿ, ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಇರಲಿ. ಪಾತ್ರೆಯ ಹತ್ತಿರ ಬ್ಲೀಚ್ ಸುಳಿಯಲೂ ಬಾರದು.

ಮುಂದಿನ ಎರಡು ಗಾಜುಗಳನ್ನು ಬೇರೆ ಮಾಡಿ, ಯಾವ ಮುಖ ಎತ್ತ ಎಂದು ಅಂಚಿನಲ್ಲಿ ಪೆನ್ಸಿಲ್ ಚುಕ್ಕೆ ಹಾಕಿದೆ. ಮೊದಲು ನಾಫ್ತಾದಿಂದ ಜಿಡ್ಡು ತೆಗೆಯಬೇಕು, ಈ ಕ್ರಮ ತಪ್ಪಿದರೆ ಮುಂದಿನದು ವ್ಯರ್ಥ. ಆಮೇಲೆ ಲೆನ್ಸ್ ಟಿಶ್ಯೂವನ್ನು ಗಾಜಿನ ಅಳತೆಗೆ ಚಕ್ರದಂತೆ ಕತ್ತರಿಸಿ, ಮಿಶ್ರಣದಲ್ಲಿ ಅದ್ದಿ, ಮುಖದ ಮೇಲೆ ಗುಳ್ಳೆಯಿಲ್ಲದಂತೆ ಹಾಸಿ ಬಿಟ್ಟುಬಿಟ್ಟೆ. ಹತ್ತು ಹದಿನೈದು ನಿಮಿಷ. ಒಣಗಲು ಬಿಡಬಾರದು, ಅಂಚಿನ ಕಪ್ಪು ಬಣ್ಣಕ್ಕೆ ತಾಗಿಸಲೂ ಬಾರದು. ನಂತರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಕೊನೆಗೆ ಐಪಿಎ. ಮೊದಲ ಸಲಕ್ಕೆ ಮಧ್ಯಭಾಗ ತೆರೆಯಿತು, ಅಂಚಿನಲ್ಲಿ ಬಳೆಯಾಕಾರದ ಮಬ್ಬು ಉಳಿಯಿತು. ಇನ್ನೆರಡು ಸುತ್ತಿಗೆ ಅದೂ ಹೋಯಿತು. ಕೊನೆಯ ತೊಳೆತದ ನೀರಿಗೆ ನಾನು ಇನ್ನೊಂದು ವಸ್ತುವನ್ನು ಹನಿಯಷ್ಟು ಹಾಕುತ್ತೇನೆ, ನೀರಿನ ಕಲೆ ನಿಲ್ಲುವುದಿಲ್ಲ. ಡಾರ್ಕ್‌ರೂಮ್ ಇಟ್ಟುಕೊಂಡವರ ಕಪಾಟಿನಲ್ಲಿ ಅದು ಇದ್ದೇ ಇರುತ್ತದೆ, ಊಹಿಸಿಕೊಳ್ಳಿ.

ಹಿಂದಿನ ಜೋಡಿಯದ್ದು ಎದೆ ಡವಗುಟ್ಟಿಸುವ ಕೆಲಸ. ಶಟರ್ ಬ್ಲೇಡ್‌ಗಳ ನಡುವಿನಿಂದ ಇಳಿಯಬೇಕು, ಒಂದು ಹನಿ ಜಾರಿದರೂ ಕೋಪಾಲ್ ಕಂಪನಿಯ ಶಟರಿಗೆ ಅಮೋನಿಯಾ ಸ್ನಾನ. ಟಿಶ್ಯೂ ಚಕ್ರವನ್ನು ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಚಿಕ್ಕದಾಗಿ ಕತ್ತರಿಸಿ, ಅದ್ದಿ, ಇನ್ನೊಂದು ಕಾಗದದ ಮೇಲೆ ಒತ್ತಿ ಹಿಂಡಿ, ಬರೀ ತೇವ ಉಳಿದಾಗ ಚಿಮಟದಿಂದ ಇಳಿಸಿದೆ. ಕ್ಯಾಮೆರಾ ಬೆನ್ನ ಮೇಲೆ ಮಲಗಿತ್ತು, ಲೆನ್ಸ್ ಆಕಾಶಕ್ಕೆ. ಇಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಬಿಡಲಿಲ್ಲ, ಬದಲಿಗೆ ಸುತ್ತುಗಳನ್ನು ಹೆಚ್ಚಿಸಿದೆ. ಜೋಡಿಯನ್ನು ಅಂಟಿಸಿದ ಅಂಟಿನ ಅಂಚಿಗೆ ದ್ರಾವಣ ಇಳಿಯದ ಹಾಗೆ ನೋಡಿಕೊಳ್ಳಬೇಕು. ಅಸಿಟೋನನ್ನಂತೂ ಹತ್ತಿರ ತರಬೇಡಿ. ಮಬ್ಬು ಆ ಅಂಟಿನೊಳಗೇ ಇದ್ದರೆ ಈ ವಿಧಾನ ಅದಕ್ಕಲ್ಲ, ಅದು ಬಿಡಿಸಿ ಮತ್ತೆ ಅಂಟಿಸುವ ಬೇರೆಯೇ ರಾಮಾಯಣ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡರೆ ಆಟಿಯ ಮಳೆ ಮುಗಿಯುವ ಹೊತ್ತಿಗೆ ಶಟರಿನ ಎದುರಿನ ಮುಖದಲ್ಲಿ ತೆಳುವಾಗಿ ಮತ್ತೆ ಮಬ್ಬು. ನಕ್ಕಿದ್ದ ಗೆಳೆಯರ ಸಂತೋಷಕ್ಕೆ ಪಾರವಿರಲಿಲ್ಲ. ಕಾರಣ ಹುಡುಕಿದರೆ ಶಟರ್ ಬ್ಲೇಡ್‌ಗಳಲ್ಲಿ ಎಣ್ಣೆಯ ಹೊಳಪು. ಹಿಂದೆ ಯಾರೋ ಒಂದು ಸೆಕೆಂಡಿನ ವೇಗ ಸಿಕ್ಕಿಕೊಳ್ಳುತ್ತದೆ ಎಂದು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದಾರೆ, ಅದು ಹರಡಿ ಆವಿಯಾಗಿ ಎದುರಿನ ಗಾಜಿನ ಮೇಲೆ ಕೂರುತ್ತಿದೆ. ನಾಫ್ತಾದಲ್ಲಿ ಅದ್ದಿದ ಕಿವಿಕಡ್ಡಿಯಿಂದ ಬ್ಲೇಡ್‌ಗಳನ್ನು ಒರೆಸಿ, ಶಟರ್ ಹೊಡೆದು, ಮತ್ತೆ ಒರೆಸಿ, ಕಡ್ಡಿಯಲ್ಲಿ ಕಲೆ ಬರದವರೆಗೆ ಹೀಗೇ ಮಾಡಿದೆ. ಆಮೇಲೆ ಗಾಜನ್ನು ಇನ್ನೊಮ್ಮೆ ತೊಳೆದೆ. ಅದಾದ ಮೇಲೆ ಪೂರ್ತಿ ಒಂದು ಮಳೆಗಾಲ ಕಳೆದಿದೆ, ಟಾರ್ಚಿನಲ್ಲಿ ಧೂಳಿನ ಕಣ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮಬ್ಬಿನ ಮೂಲ ಗಾಜಲ್ಲ, ಎಣ್ಣೆ. ಅದನ್ನು ಬಿಟ್ಟು ಗಾಜು ಮಾತ್ರ ತೊಳೆಯುವುದಾದರೆ ವರ್ಷಕ್ಕೊಮ್ಮೆ ತೊಳೆಯುತ್ತಿರಬೇಕು.

ನಮ್ಮ ಗುಂಪಿನ ಒಬ್ಬರು ಇದಕ್ಕೆಲ್ಲ ಕಾರಣ ಬೀರುವಿನ ನುಸಿಗುಳಿಗೆ ಎಂದು ಪಟ್ಟು ಹಿಡಿದಿದ್ದರು. ವಾದಕ್ಕಿಂತ ಡಬ್ಬಿ ಮೇಲೆಂದು ಎರಡು ಸ್ಟೀಲ್ ಡಬ್ಬಿಗಳಲ್ಲಿ ಒಂದೊಂದು ಹಳೆಯ ಯುವಿ ಫಿಲ್ಟರ್ ಇಟ್ಟೆ, ಒಂದರ ಜೊತೆ ನುಸಿಗುಳಿಗೆ, ಇನ್ನೊಂದರ ಜೊತೆ ಗುಜರಿ ಲೆನ್ಸಿನಿಂದ ಕೆರೆದ ಹಳೆಯ ಗ್ರೀಸ್. ಎರಡನ್ನೂ ಬೇಸಿಗೆಯಿಡೀ ಹಂಚಿನ ಕೆಳಗಿನ ಅಟ್ಟದಲ್ಲಿ ಬಿಟ್ಟೆ. ಗುಳಿಗೆಯ ಫಿಲ್ಟರಿನ ಮೇಲೆ ಬಿಳಿಯ ಪದರ ಕೂತಿತ್ತು, ಆದರೆ ಹೊರಗಿಟ್ಟ ಮಾರನೆಯ ದಿನಕ್ಕೆ ತಾನಾಗಿಯೇ ಮಾಯ. ಗ್ರೀಸಿನದ್ದು ತೆಳುವಾಗಿತ್ತು, ಆದರೆ ಒಣ ಬಟ್ಟೆಗೆ ಜಗ್ಗಲಿಲ್ಲ. ನುಸಿಗುಳಿಗೆಯನ್ನು ಲೆನ್ಸಿನ ಜೊತೆ ಇಡಿ ಎಂದು ಇದರ ಅರ್ಥವಲ್ಲ. ಈ ಯಾಶಿಕಾದ ಅಪರಾಧಿ ಅದಲ್ಲ, ಅಷ್ಟೇ. ಚರ್ಮದ ಚೀಲವನ್ನು ಮಾತ್ರ ಬೇರೆ ಕಪಾಟಿಗೆ ಸಾಗಿಸಿದ್ದೇನೆ. ಕ್ಯಾಮೆರಾ ಈಗ ಗಾಳಿಯಾಡದ ಅಕ್ಕಿ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ, ತೇವಾಂಶ 45 ಶೇಕಡದ ಹತ್ತಿರ.

ಇದೇ ಸಮಯದಲ್ಲಿ ಪೆಂಟಾಕ್ಸ್‌ನ ಸೂಪರ್ ಟಕುಮಾರ್ 50/1.4 ಲೆನ್ಸ್ ಒಂದು ಕೈಗೆ ಬಂದಿತ್ತು, ವರ್ಷಗಳು ಕಳೆದಂತೆ ಹಳದಿಗೆ ತಿರುಗುವ ಥೋರಿಯಂ ಬೆರೆತ ಗಾಜಿರುವ, ಏಳು ಗಾಜುಗಳ ಮಾದರಿ. ಚಹಾದ ಬಣ್ಣಕ್ಕೆ ತಿರುಗಿದ ಗಾಜನ್ನು ಮಬ್ಬು ಎಂದು ತಿಳಿದು ಮಾರಿದ್ದರು, ನನಗೆ ಲಾಭ. ಅದಕ್ಕೆ ಯಾವ ದ್ರಾವಣವೂ ಬೇಡ, ಬಿಸಿಲು ಸಾಕು. ಆದರೆ ಏಪ್ರಿಲಿನ ಕರಾವಳಿ ಬಿಸಿಲಿಗೆ ನೇರವಾಗಿ ಒಡ್ಡಿದರೆ ಒಳಗಿನ ಗ್ರೀಸ್ ಕರಗಿ ಅಪರ್ಚರಿಗೆ ಇಳಿಯುತ್ತದೆ. ಬೆಳಗಿನ ಎರಡು ತಾಸು ಮಾತ್ರ ಕಿಟಕಿಯಲ್ಲಿಟ್ಟೆ, ಹಿಂದಿನ ಗಾಜು ಮೇಲೆ ಬರುವಂತೆ, ಕೆಳಗೆ ಅಲ್ಯೂಮಿನಿಯಂ ಹಾಳೆ. ತಿಂಗಳ ಮೇಲೆ ಬೇಕಾಯಿತು, ಹಳದಿ ಮುಕ್ಕಾಲು ಪಾಲು ಇಳಿದಿದೆ.

ಖರ್ಚಿನ ಲೆಕ್ಕ ಕೇಳುವವರಿಗೆ: ರಾಸಾಯನಿಕ, ಟಿಶ್ಯೂ, ಬುಷ್, ಎಲ್ಲ ಸೇರಿ ಏಳುನೂರರೊಳಗೆ. ಸ್ಪ್ಯಾನರ್ ಮೊದಲೇ ಇತ್ತು. ಪರೀಕ್ಷೆಗೆ ಸುಟ್ಟ ಫಿಲ್ಮಿನ ಹಣ ಅದಕ್ಕಿಂತ ಹೆಚ್ಚು, ಅದನ್ನು ಮನೆಯಲ್ಲಿ ಹೇಳಿಲ್ಲ. ಮಲ್ಪೆ ಬಂದರಿನಲ್ಲಿ ಸಂಜೆ ಸೂರ್ಯನಿಗೆ ಎದುರಾಗಿ ದೋಣಿಗಳನ್ನು ತೆಗೆದೆ, 3.5ರಲ್ಲೇ. ದೋಣಿಯ ನೆರಳು ಬದಿಯಲ್ಲಿ ಬಲೆಯ ಗಂಟುಗಳು ಎಣಿಸುವಷ್ಟು ಸ್ಪಷ್ಟ, ಕಪ್ಪು ಕಪ್ಪಾಗಿಯೇ ಇದೆ. ಮೊದಲ ರೋಲಿನಲ್ಲಿ ಇದೇ ಜಾಗದ ಚಿತ್ರವಿದೆ, ಎರಡನ್ನೂ ಒಟ್ಟಿಗೆ ಅಚ್ಚು ಹಾಕಿಸಿ ಬೆಂಗಳೂರಿನ ಆ ಹಿರಿಯರಿಗೆ ಕಳುಹಿಸಿದೆ. "ಲೆನ್ಸ್ ಬದಲಾಯಿಸಿದ್ದೀರಿ" ಎಂಬುದು ಅವರ ತೀರ್ಪು.

ಎಲ್ಲ ಲೆನ್ಸೂ ಹೀಗೆ ಬಿಡುತ್ತದೆ ಎಂದು ಯಾರೂ ಕೊರಿಯರ್ ಕಚೇರಿಗೆ ಓಡಬೇಡಿ. ಬಂದ ಲೆನ್ಸ್‌ಗಳಲ್ಲಿ 1950ರ ದಶಕದ ಸ್ಕ್ರೂ ಮೌಂಟಿನ ಕ್ಯಾನನ್ 50/1.8 ಒಂದಿತ್ತು. ಅಪರ್ಚರಿನ ಹಿಂದಿನ ಮುಖ ಮಬ್ಬಾಗುವುದು ಆ ಲೆನ್ಸಿನ ಹಳೆಯ ಕಾಯಿಲೆ. ನೆನೆಸಿದೆ, ತೊಳೆದೆ, ಮತ್ತೆ ನೆನೆಸಿದೆ. ಒದ್ದೆಯಿದ್ದಾಗ ತಿಳಿ, ಒಣಗಿದ ಕೂಡಲೇ ಮತ್ತೆ ಬಿಳಿ. ಹಾಗಾದರೆ ಗಾಜು ನಿಜಕ್ಕೂ ಕೊರೆದುಹೋಗಿದೆ ಎಂದೇ ಲೆಕ್ಕ. ಇನ್ನು ಮುಂದೆ ನನಗೆ ಕಳುಹಿಸುವವರು ಒಳಮುಖಕ್ಕೆ ಒಂದು ಹನಿ ಡಿಸ್ಟಿಲ್ಡ್ ನೀರು ಹಾಕಿ ಈ ಪರೀಕ್ಷೆ ಮಾಡಿಯೇ ಕಳುಹಿಸಿ. ಹನಿಯ ಕೆಳಗೂ ಮಬ್ಬು ಕಾಣುತ್ತಿದ್ದರೆ ನನಗೆ ಕೆಲಸವಿದೆ. ಹೋಗಿ ಬರುವ ಕೊರಿಯರ್ ಖರ್ಚು ನಿಮ್ಮದು.