ಗ್ರಾಸ್ ಯೆಲ್ಲೋ ಚಿಟ್ಟೆಗಳನ್ನು ನಾನು ಬೇರ್ಪಡಿಸಿದ ಬಗೆ: ನನ್ನ ಅನುಭವ

ಒಂದನ್ನೊಂದು ಬಹಳ ಹೋಲುವ ಸಣ್ಣ ಹಳದಿ ಚಿಟ್ಟೆಗಳಾದ ಗ್ರಾಸ್ ಯೆಲ್ಲೋಗಳನ್ನು ಬರಿಯ ಛಾಯಾಚಿತ್ರ ನೋಡಿ ಪ್ರಭೇದದ ಮಟ್ಟಕ್ಕೆ ಗುರುತಿಸಲು ಆಗುವುದೇ ಇಲ್ಲ, ಹಿಡಿದು ಜನನಾಂಗ ಪರೀಕ್ಷಿಸಿದವರು ಮಾತ್ರ ಹೆಸರು ಹೇಳಬಹುದು ಎಂದು ನಮ್ಮ ಚಿಟ್ಟೆವೀಕ್ಷಕರ ಬಳಗದ ಹಿರಿಯರೊಬ್ಬರು ಐದಾರು ವರ್ಷಗಳ ಹಿಂದೆ ತೀರ್ಪು ಕೊಟ್ಟಿದ್ದರು. ಅಂದಿನಿಂದ ಎಲ್ಲರೂ ಪಟ್ಟಿಯಲ್ಲಿ ಯುರೀಮಾ ಎಂದು ಕುಲದ ಹೆಸರನ್ನಷ್ಟೇ ಬರೆದು ಮುಂದಕ್ಕೆ ಹೋಗುವುದು ರೂಢಿಯಾಯಿತು. ಈಗ ನಾನು ಬಲೆ ಬೀಸದೆ, ಚಿಟ್ಟೆಯನ್ನು ಕೊಲ್ಲದೆ, ನನ್ನ ಚಿತ್ರಗಳಲ್ಲಿ ಮೂರರಲ್ಲಿ ಎರಡಕ್ಕೆ ಧೈರ್ಯವಾಗಿ ಹೆಸರು ಬರೆಯುತ್ತಿದ್ದೇನೆ. ಅದೇ ಹಿರಿಯರು ತಮ್ಮ ಹಳದಿ ಚಿಟ್ಟೆಗಳ ಚಿತ್ರಗಳನ್ನು ಈಚೆಗೆ ನನಗೇ ಕಳಿಸುತ್ತಿದ್ದಾರೆ ಎಂಬುದನ್ನು ಹೇಳಿಕೊಳ್ಳದೆ ಇರಲಾರೆ.

ಮುಂದಿನ ರೆಕ್ಕೆಯ ಕೆಳಮೈಯಲ್ಲಿ, ಸೆಲ್‌ನೊಳಗೆ (ರೆಕ್ಕೆಯ ಬುಡದ ಬಳಿ ನರಗಳು ಸುತ್ತುವರಿದ ಜಾಗ) ಎರಡು ಚುಕ್ಕೆಯಿದ್ದರೆ ಕಾಮನ್ ಗ್ರಾಸ್ ಯೆಲ್ಲೋ, ಮೂರಿದ್ದರೆ ತ್ರೀ-ಸ್ಪಾಟ್, ಒಂದೇ ಇದ್ದರೆ ಒನ್-ಸ್ಪಾಟ್, ಏನೂ ಇಲ್ಲದಿದ್ದರೆ ಸ್ಮಾಲ್ ಅಥವಾ ಸ್ಪಾಟ್‌ಲೆಸ್ ಎಂಬ ಲೆಕ್ಕ ಈ ಹವ್ಯಾಸದವರಿಗೆಲ್ಲ ಬಾಯಿಪಾಠ. ನಾನೂ ಎರಡು ವರ್ಷ ಅದನ್ನೇ ನಂಬಿ ಕೆಟ್ಟೆ. ಕೂತ ಚಿಟ್ಟೆ ಸ್ವಲ್ಪ ಹೊತ್ತಿಗೆ ಮುಂದಿನ ರೆಕ್ಕೆಯನ್ನು ಹಿಂದಿನದರ ಮರೆಗೆ ಎಳೆದುಕೊಳ್ಳುವುದರಿಂದ ಎಣಿಸಬೇಕಾದ ಚುಕ್ಕೆಯೇ ಮುಚ್ಚಿಹೋಗುತ್ತದೆ. ಕಂಡಷ್ಟನ್ನು ಎಣಿಸಿ ಹೆಸರಿಟ್ಟರೆ ಮೂರು ಚುಕ್ಕೆಯದು ಎರಡಾಗುತ್ತದೆ, ಎರಡರದು ಒಂದಾಗುತ್ತದೆ. ಹೀಗೆಯೇ ಒಮ್ಮೆ ಒನ್-ಸ್ಪಾಟ್ ಸಿಕ್ಕಿತೆಂದು ಊರೆಲ್ಲ ಸಾರಿಬಿಟ್ಟಿದ್ದೆ. ಅದರ ಕಥೆಗೆ ಮುಂದೆ ಬರುತ್ತೇನೆ.

ಮೊದಲು ಹಣ ಸುರಿದದ್ದು ಮಸೂರಕ್ಕೆ. ದೂರದಿಂದಲೇ ತೆಗೆಯಬಹುದೆಂದು ಸುಮಾರು ಐವತ್ತು ಸಾವಿರ ಕೊಟ್ಟು ಉದ್ದನೆಯ ಜೂಮ್ ತಂದೆ. ಹಕ್ಕಿಗೆ ಅದು ಒಳ್ಳೆಯದೇ, ಆದರೆ ಮಣ್ಣಿನ ಮೇಲೆ ಹಬೆಯಾಡುವ ಬಿಸಿಲಿನಲ್ಲಿ ಸಾಸಿವೆ ಗಾತ್ರದ ಚುಕ್ಕೆಗಳು ಕಲಸಿಹೋಗುತ್ತಿದ್ದವು. ಆಮೇಲೆ ಯಾರೋ ಬಳಸಿ ಬಿಟ್ಟ, ಹತ್ತಿರದಿಂದ ಸಣ್ಣ ವಸ್ತುಗಳನ್ನು ತೆಗೆಯುವ ಮ್ಯಾಕ್ರೋ ಮಸೂರವೊಂದನ್ನು ಅದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಂಡೆ; ಇಂದಿಗೂ ಅದೇ ಕೆಲಸಕ್ಕೆ ಬರುತ್ತಿದೆ. ಆದರೆ ಬದಲಾಗಬೇಕಾದದ್ದು ಮಸೂರಕ್ಕಿಂತ ಹೆಚ್ಚಾಗಿ ನಾನು ನಿಲ್ಲುವ ಜಾಗವಾಗಿತ್ತು. ಈ ಚಿಟ್ಟೆಗಳು ರೆಕ್ಕೆ ಬಿಚ್ಚಿ ಕೂರುವುದೇ ಅಪರೂಪವಾದ್ದರಿಂದ ಮೇಲ್ಮೈಯ ಕಪ್ಪು ಅಂಚು ನಮಗೆ ಸಿಗುವುದಿಲ್ಲವೆಂದು ಎಲ್ಲರೂ ಅಂದುಕೊಂಡಿದ್ದೇವೆ. ಸೂರ್ಯ ಚಿಟ್ಟೆಯ ಹಿಂದೆ ಬರುವಂತೆ ನಾವು ಸುತ್ತಿ ಹೋಗಿ ಕೂತರೆ ಆ ಅಂಚು ಮುಚ್ಚಿದ ರೆಕ್ಕೆಯ ಮೂಲಕವೇ ನೆರಳಿನಂತೆ ಮೂಡುತ್ತದೆ. ಕಾಮನ್‌ನಲ್ಲಿ ಅಂಚಿನ ಒಳಬದಿ ಹಲ್ಲಿನಿಂದ ಕಚ್ಚಿದಂತೆ ಆಳವಾಗಿ ಒಳಸರಿದಿರುತ್ತದೆ. ಸ್ಮಾಲ್‌ನಲ್ಲಿ ಆ ಕಚ್ಚು ಇಲ್ಲ. ಸ್ಪಾಟ್‌ಲೆಸ್‌ಗೆ ಇಷ್ಟು ಕಷ್ಟ ಬೇಡ: ಮುಂದಿನ ರೆಕ್ಕೆಯ ತುದಿ ಕತ್ತರಿಸಿದಂತೆ ಚೌಕವಾಗಿರುತ್ತದೆ, ಬೇಸಿಗೆಯ ರೂಪದಲ್ಲಿ ಹಿಂದಿನ ರೆಕ್ಕೆಯ ಕೆಳಮೈಯ ಮೇಲೆ ಎರಡು ಕಂದುಗೆಂಪು ಗೆರೆಗಳು ಒಂದಕ್ಕೊಂದು ಸಮಾಂತರವಾಗಿ ಹಾಯ್ದಿರುತ್ತವೆ.

ಇಷ್ಟಾದರೂ ಚುಕ್ಕೆಯ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಚಿತ್ರ ನೋಡಿ ಹೆಸರಿಟ್ಟು, ಆ ಹೆಸರನ್ನು ಅದೇ ಚಿತ್ರದಿಂದ ಸಮರ್ಥಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ರೆಕ್ಕೆಯನ್ನು ನೋಡುವ ಮೊದಲೇ ಪ್ರಭೇದ ಗೊತ್ತಿರಬೇಕಿದ್ದರೆ ಮೊಟ್ಟೆಯಿಂದಲೇ ಸಾಕಬೇಕೆಂದು ತೀರ್ಮಾನಿಸಿದೆ. ಕಾಮನ್ ತನ್ನ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ, ಅದರ ಮರಿಹುಳುವಿನ ತಲೆ ಹಸಿರು. ತ್ರೀ-ಸ್ಪಾಟ್ ಗುಂಪಾಗಿ ಇಡುತ್ತದೆ, ಬೆಳೆದ ಹುಳುವಿನ ತಲೆ ಕಪ್ಪು, ಕೋಶವಾಗುವಾಗಲೂ ಅವು ಒಟ್ಟೊಟ್ಟಿಗೇ ತೂಗುತ್ತವೆ. ಟ್ರಾಯ್ ನಗರದ ಬಹುಸಂತಾನದ ರಾಣಿ ಹೆಕುಬಾಳ ಹೆಸರನ್ನು, ಹೆಕಬೆ ಎಂಬ ರೂಪದಲ್ಲಿ, ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1758ರಲ್ಲಿ ಇಟ್ಟದ್ದು ಒಂದೊಂದೇ ಮೊಟ್ಟೆಯಿಡುವ ಕಾಮನ್‌ಗೆ. ನನ್ನ ಮಾತು ನಡೆಯುವಂತಿದ್ದರೆ ಅದನ್ನು ತ್ರೀ-ಸ್ಪಾಟ್‌ಗೆ ಕೊಟ್ಟುಬಿಡುತ್ತಿದ್ದೆ. ತಗಚೆಯ ಮೇಲೆ ನನಗೆ ಕಾಮನ್ ಧಾರಾಳವಾಗಿ ಸಿಕ್ಕಿತು. ಕಕ್ಕೆಯ ಎಲೆಯನ್ನು ಎರಡೂ ತಿನ್ನುತ್ತವಾದ್ದರಿಂದ ಗಿಡವನ್ನು ನೋಡಿ ಹೆಸರು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲ ಮಳೆಗಾಲದಲ್ಲಿ ತಂದ ಮೂವತ್ತು ನಲವತ್ತು ಮೊಟ್ಟೆಗಳಲ್ಲಿ ಚಿಟ್ಟೆಯಾಗಿ ಹೊರಬಂದದ್ದು ಆರೋ ಏಳೋ. ಮುಚ್ಚಳ ಬಿಗಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎಲೆ ಬೆವೆತು, ಬೂಷ್ಟು ಹಿಡಿದು, ಹುಳುಗಳು ಮೆತ್ತಗಾಗಿ ಸತ್ತವು. ಮುಚ್ಚಳ ತೆಗೆದು ಬಟ್ಟೆ ಕಟ್ಟಿದಾಗ ಎಲೆ ಅರ್ಧ ದಿನದಲ್ಲಿ ಒಣಗಿತು. ಒಂದು ರಾತ್ರಿ ಇರುವೆಗಳು ನುಗ್ಗಿ ಇಡೀ ತ್ರೀ-ಸ್ಪಾಟ್ ಗುಂಪನ್ನೇ ಖಾಲಿ ಮಾಡಿದವು. ಮರುದಿನವೇ ಡಬ್ಬಿಗಳ ಕೆಳಗೆ ನೀರಿನ ತಟ್ಟೆಗಳು ಬಂದವು. ಹೊಲದ ಬದುವಿನಿಂದ ತಂದ ಎಲೆಯಲ್ಲಿ ಔಷಧಿಯ ಅಂಶವಿದ್ದು ಒಂದೇ ಸಂಜೆ ಹನ್ನೆರಡು ಹುಳುಗಳು ಹೋದವು. ದೊಡ್ಡದಾದ ಮೇಲೆ ತಂದ ಹುಳುಗಳಲ್ಲಿ ಎಷ್ಟೋ ಸಲ ಚಿಟ್ಟೆಯ ಬದಲು ಪರಾವಲಂಬಿ ಕಣಜಗಳು ಹೊರಬಂದದ್ದರಿಂದ, ಕಣ್ಣೆದುರಿಗೆ ಇಟ್ಟ ಮೊಟ್ಟೆಯನ್ನು ಬಿಟ್ಟು ಬೇರೇನನ್ನೂ ತರಬಾರದೆಂದು ನಿಯಮ ಮಾಡಿಕೊಂಡೆ. ಕೊನೆಗೆ ಕೈಗೆ ಹತ್ತಿದ ವ್ಯವಸ್ಥೆ ಕುಂಡದಲ್ಲಿ ಬೆಳೆದ ಗಿಡಕ್ಕೆ ಸೊಳ್ಳೆಪರದೆಯ ಚೀಲ ಕಟ್ಟುವುದು. ಅದಕ್ಕೆ ತಗುಲಿದ್ದು ಎಲ್ಲ ಸೇರಿ ಆರುನೂರು ರೂಪಾಯಿಯ ಒಳಗೆ, ಅಂದರೆ ಆ ಜೂಮ್ ಮಸೂರದ ಚೀಲದ ಬೆಲೆಗಿಂತಲೂ ಕಡಿಮೆ. ಹೆಣ್ಣು ತಾನಾಗಿಯೇ ನನ್ನ ಕುಂಡಕ್ಕೆ ಬಂದು ಮೊಟ್ಟೆಯಿಡುವಂತೆ ಏನು ಮಾಡುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕುಂಡವನ್ನು ನೆರಳಿನಲ್ಲಿ ಇಡಬಾರದೆಂದಷ್ಟೇ ಹೇಳಬಲ್ಲೆ.

ಮೂರನೆಯ ವರ್ಷ ಹಸಿರು ತಲೆಯ ಹುಳುಗಳಿಂದ ಬಂದ ತೊಂಬತ್ತರಷ್ಟು ಚಿಟ್ಟೆಗಳನ್ನು, ಹೊರಬಂದ ಮೇಲೆ ರೆಕ್ಕೆ ಗಟ್ಟಿಯಾಗುವ ಹೊತ್ತಿನಲ್ಲಿ ಎರಡೂ ಬದಿಯಿಂದ ಚಿತ್ರ ತೆಗೆದೆ. ಆಗ ಅವು ಅಲುಗಾಡುವುದಿಲ್ಲ, ಮುಂದಿನ ರೆಕ್ಕೆಯೂ ಪೂರ್ತಿ ಕಾಣುವಂತೆ ಇಳಿಬಿದ್ದಿರುತ್ತದೆ. ಹೆಚ್ಚಿನವುಗಳಲ್ಲಿ ಎರಡು ಚುಕ್ಕೆ ಸರಿಯಾಗಿಯೇ ಇದ್ದವು. ಆದರೆ ಹತ್ತರಲ್ಲಿ ಒಂದರಷ್ಟರಲ್ಲಿ ಒಂದು ಚುಕ್ಕೆ ಮಸುಕಾಗಿತ್ತು ಅಥವಾ ಇರಲೇ ಇಲ್ಲ. ಒಂದು ಹೆಣ್ಣಿನಲ್ಲಂತೂ ಎಡ ರೆಕ್ಕೆಯಲ್ಲಿ ಒಂದು ಚುಕ್ಕೆ, ಬಲ ರೆಕ್ಕೆಯಲ್ಲಿ ಎರಡು. ನಾನು ಸಾರಿದ್ದ ಒನ್-ಸ್ಪಾಟ್ ನೆನಪಾಗಿ ಹಳೆಯ ಕಡತ ತೆಗೆದು ನೋಡಿದೆ: ಇದ್ದದ್ದು ಎಡಬದಿಯ ಒಂದೇ ಚಿತ್ರ. ಅಂದೇ ಆ ದಾಖಲೆಯನ್ನು ಹಿಂತೆಗೆದುಕೊಂಡೆ. ಅಲ್ಲಿಂದೀಚೆಗೆ ಎರಡೂ ಬದಿಯ ಚಿತ್ರ, ಬೆಳಕಿಗೆ ಎದುರಾದ ಒಂದು ಚಿತ್ರ ಮತ್ತು ಚಿಟ್ಟೆ ಬಂದು ಕೂತ ಕ್ಷಣದ ಒಂದು ಚಿತ್ರ, ಇಷ್ಟೂ ಇಲ್ಲದೆ ಹೆಸರು ಬರೆಯುವುದಿಲ್ಲ. ಕೂತ ಕ್ಷಣವೇ ಏಕೆಂದರೆ ಆಗ ಮುಂದಿನ ರೆಕ್ಕೆ ಇನ್ನೂ ಎತ್ತಿಕೊಂಡೇ ಇರುತ್ತದೆ.

ನಡುವೆ ಒಂದು ದುಬಾರಿ ಅಡ್ಡದಾರಿಯನ್ನೂ ಹಿಡಿದೆ. ಕಾಮನ್ ಗಂಡಿನ ರೆಕ್ಕೆಯ ಮೇಲ್ಮೈ ಅತಿನೇರಳೆ ಬೆಳಕನ್ನು ಪ್ರತಿಫಲಿಸುತ್ತದೆ. ಅದರಿಂದಲೇ ಪ್ರಭೇದಗಳನ್ನು ಬೇರ್ಪಡಿಸಬಹುದೇನೋ ಎಂದು ಹಳೆಯ ಕ್ಯಾಮೆರಾ ಒಂದನ್ನು ಆ ಬೆಳಕನ್ನು ಹಿಡಿಯುವಂತೆ ಬಿಚ್ಚಿಸಿ, ವಿಶೇಷ ಫಿಲ್ಟರ್ ತರಿಸಿ, ಹದಿನೈದು ಸಾವಿರದ ಆಸುಪಾಸು ಕಳೆದೆ. ಸಾಕುವಾಗ ಸತ್ತ ಗಂಡುಗಳ ರೆಕ್ಕೆ ಬಿಡಿಸಿಟ್ಟು ನೋಡಿದರೆ ಹೊಳಪು ನಿಜಕ್ಕೂ ಬೆರಗಾಗುವಂತಿತ್ತು, ಆದರೆ ರೆಕ್ಕೆಯನ್ನು ಕೊಂಚ ವಾಲಿಸಿದರೂ ಮಾಯವಾಗುತ್ತಿತ್ತು. ರೆಕ್ಕೆ ಮುಚ್ಚಿಯೇ ಕೂರುವ ಚಿಟ್ಟೆಯ ಮೇಲ್ಮೈಯ ಹೊಳಪನ್ನು ಕಾಡಿನಲ್ಲಿ ಹೇಗೆ ಹಿಡಿಯುವುದೆಂಬ ಸರಳ ಪ್ರಶ್ನೆ ನನಗೆ ಹೊಳೆದದ್ದು ಹಣ ಕೊಟ್ಟ ಮೇಲೆ.

ಹಳೆಯ ನಾಲ್ಕು ಸಾವಿರದಷ್ಟು ಚಿತ್ರಗಳನ್ನು ಈ ಹೊಸ ಅಳತೆಗೋಲಿನಿಂದ ಮತ್ತೆ ವಿಂಗಡಿಸುವ ಕೆಲಸ ಎರಡು ಬೇಸಿಗೆಯಿಂದ ನಡೆದಿದೆ. ಪಶ್ಚಿಮ ಘಟ್ಟಕ್ಕೆ ಸೀಮಿತವಾದ, 1990ರಲ್ಲಷ್ಟೇ ಪ್ರತ್ಯೇಕ ಪ್ರಭೇದವೆಂದು ವಿವರಿಸಲಾದ ನೀಲಗಿರಿ ಗ್ರಾಸ್ ಯೆಲ್ಲೋ ಅವುಗಳಲ್ಲಿ ಇರಬಹುದೆಂದು ಎತ್ತಿಟ್ಟ ಹದಿನಾರು ಚಿತ್ರಗಳು ಬೇರೆಯೇ ಕಡತದಲ್ಲಿವೆ. ಅದರ ಮೊಟ್ಟೆಯಿಂದ ಒಂದಾದರೂ ಚಿಟ್ಟೆಯನ್ನು ನಾನೇ ಸಾಕಿ ಹೊರತರುವವರೆಗೆ ಆ ಕಡತದ ಮೇಲೆ ಯುರೀಮಾ ಎಂದಷ್ಟೇ ಬರೆದಿರುತ್ತದೆ.