ಬಾಯಿ ಆರಾಮ ಅಂದರೂ ಮೈ ಬೇರೆಯದೇ ಹೇಳುತ್ತದೆ

ಥೆರಪಿಗೆ, ಅಂದರೆ ಮಾತಿನ ಮೂಲಕ ಮನಸ್ಸಿಗೆ ಕೊಡುವ ಚಿಕಿತ್ಸೆಗೆ, ಹೊಸದಾಗಿ ಬಂದವರನ್ನು ನಾನು ಮೊದಲು ಕೇಳುವುದು ನಿದ್ದೆಯ ಬಗ್ಗೆ. ಆಮೇಲೆ ಥೈರಾಯ್ಡ್ ಪರೀಕ್ಷೆ ಆಗಿದೆಯಾ ಅಂತ. ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾದರೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಚಡಪಡಿಕೆ ಶುರುವಾಗುತ್ತದೆ. ನೋಡಿದರೆ ಥೇಟ್ ಆತಂಕ. ಬರೀ ಮಾತಿನಿಂದ ಅದು ಇಳಿಯುವುದಿಲ್ಲ, ಮೊದಲು ಡಾಕ್ಟರ್ ನೋಡಬೇಕು.

ಇದು ಸುಲಭದ ಭಾಗ. ಮೈಯೂ, ಹತ್ತಿರದವರ ಜೊತೆ ನಡೆದುಕೊಳ್ಳುವ ರೂಢಿಯೂ ಹೆಣೆದುಕೊಂಡಿರುವ ಕಡೆ ನಿಜವಾದ ಕೆಲಸ.

ಒಬ್ಬರು ಬರುತ್ತಿದ್ದರು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಅಮ್ಮನ ವಿಷಯ ಬಂದಾಗಲೆಲ್ಲ, "ಅದೇನೂ ದೊಡ್ಡದಲ್ಲ ಬಿಡಿ ಮೇಡಂ" ಅನ್ನುತ್ತಿದ್ದರು. ಮುಖದಲ್ಲಿ ನಗು. ಆದರೆ ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತಿತ್ತು, ಹೆಬ್ಬೆರಳು ಮುಷ್ಟಿಯೊಳಗೆ ಸೇರಿಕೊಂಡಿರುತ್ತಿತ್ತು. ಮನಶ್ಶಾಸ್ತ್ರಜ್ಞರಾದ ಡೋಜಿಯರ್ ಮತ್ತು ಕೋಬಾಕ್ 1992ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ನೆನಪಾಗುವುದು ಇಂಥ ಹೊತ್ತಲ್ಲೇ. ಭಾವನೆಗಳನ್ನು ದೂರ ಇಡುವವರಿಗೆ ಬಾಲ್ಯದ ಅಗಲಿಕೆ, ತಿರಸ್ಕಾರದ ಬಗ್ಗೆ ಕೇಳಿದಾಗ, ಚರ್ಮದಲ್ಲಿ ಅಳೆದ ಬೆವರಿನ ಸೂಚನೆ ಏರಿತ್ತು, ಅಂದರೆ ಮೈಯೊಳಗೆ ಒತ್ತಡ ಇತ್ತು.

ನಾನು ಅಮ್ಮನ ವಿಷಯ ಕೆದಕಲಿಲ್ಲ. "ಕೈ ಏನು ಮಾಡ್ತಿದೆ ನೋಡಿ" ಅಂದೆ, ಅಷ್ಟೇ. ಅವರು ಮುಷ್ಟಿ ಬಿಚ್ಚಿದರು. ಉಸಿರನ್ನು ಉದ್ದವಾಗಿ ಹೊರಗೆ ಬಿಡಲು ಹೇಳಿದೆ. ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ, ಆಗ ಮಾತಿಗೂ ಜಾಗ ಸಿಗುತ್ತದೆ.

ಮುಂದೊಮ್ಮೆ ನಾನು ಸೆಷನ್ ಮುಂದೂಡಬೇಕಾಯಿತು. ಮರುವಾರ ಬಂದವರೇ, "ನನಗೆ ಇದೆಲ್ಲ ಬೇಕಾಗಿಲ್ಲ ಅನ್ಸತ್ತೆ" ಅಂದರು. ನೇರವಾಗಿ ಕೇಳಿದೆ, "ನಾನು ದಿನ ಬದಲಿಸಿದ್ದು ಬೇಜಾರಾಯ್ತಾ?" ತುಂಬಾ ಹೊತ್ತು ಸುಮ್ಮನಿದ್ದು "ಹೂಂ" ಅಂದರು. ಆ ಒಂದು ಹೂಂ ಎಷ್ಟೋ ತಂತ್ರಗಳಿಗಿಂತ ದೊಡ್ಡದು ಅಂತ ನನಗೆ ಅನಿಸುತ್ತದೆ. ಮನಶ್ಶಾಸ್ತ್ರಜ್ಞ ಬಾರ್ಡಿನ್ 1979ರಲ್ಲೇ ಹೇಳಿದ್ದರು: ಗುರಿ, ಮಾಡುವ ಕೆಲಸ, ಬಾಂಧವ್ಯ ಮೂರೂ ಸೇರಿದರೇ ಥೆರಪಿಯ ನಂಟು. ಬಾಂಧವ್ಯ ಸಡಿಲವಾದ ಹೊತ್ತಲ್ಲಿ ಅದನ್ನು ಬಾಯಿಬಿಟ್ಟು ಮಾತಾಡಿದ್ದಕ್ಕೇ ಅವರು ಉಳಿದರು. ಅಮ್ಮನ ಮಾತು ತಾನಾಗಿಯೇ ಬಂತು.

ಇನ್ನು ಕೆಲವರು ಇದಕ್ಕೆ ಪೂರ್ತಿ ಉಲ್ಟಾ. "ನನ್ನ ಮೇಲೆ ಕೋಪಾನಾ?" ಅಂತ ಪದೇ ಪದೇ ಕೇಳುತ್ತಾರೆ. ಅವರಿಗೆ ದಿನ, ಸಮಯ ಬದಲಾಗದಂತೆ ನೋಡಿಕೊಳ್ಳುತ್ತೇನೆ, ರಜೆಯನ್ನು ತುಂಬಾ ಮೊದಲೇ ಹೇಳಿಬಿಡುತ್ತೇನೆ. ಇವರಲ್ಲಿ ಪ್ಯಾನಿಕ್ (ಇದ್ದಕ್ಕಿದ್ದಂತೆ ನುಗ್ಗುವ ವಿಪರೀತ ಭಯ) ಇರುವವರಿಗೆ ಕಣ್ಣು ಮುಚ್ಚಿ ಉಸಿರು ಗಮನಿಸಿ ಅಂದರೆ ಎದೆಬಡಿತವೇ ಭಯ ಹುಟ್ಟಿಸಬಹುದು, ಅಲ್ವಾ? ಹಾಗಾಗಿ ಕಣ್ಣು ತೆರೆದೇ ಇರಲಿ, ಪಾದ ನೆಲಕ್ಕೆ ಒತ್ತಿ, ಕೋಣೆಯಲ್ಲಿ ಕಾಣುವ ವಸ್ತುಗಳ ಹೆಸರು ಹೇಳಿ ಅನ್ನುತ್ತೇನೆ. ಉಸಿರಿನ ಅಭ್ಯಾಸ ಆಮೇಲೆ, ಅವರೇ ತಯಾರಾದಾಗ.