ಕಲಬುರಗಿ ಹೊರಗೆ ಮನೆ ಕೊಳ್ಳುವುದಾದರೆ ಮೇ ತಿಂಗಳಲ್ಲಿ ನೋಡಿ

ಸೇಡಂ ರಸ್ತೆ ಕಡೆ ಶಾಂತವಾಗಿದೆ, ವಿಮಾನ ನಿಲ್ದಾಣವೂ ಅದೇ ದಾರಿಯಲ್ಲಿದೆ. ಮನೆ ನೋಡಲು ಮಾತ್ರ ಮೇ ತಿಂಗಳ ಮಧ್ಯಾಹ್ನವೇ ಹೋಗಿ. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ನಾವು ದೀಪಾವಳಿ ಹೊತ್ತಿಗೆ ಹೊಸ ಬಣ್ಣ ನೋಡಿ ಮನೆ ತಗೊಂಡೆವು. ಬೇಸಿಗೆಗೆ ಅಡಿಗೆಮನೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿತು. ಉಗುರು ಒಳಗೆ ಹೋಗುವಷ್ಟು! ಮಳೆ ಬಂದ ಮೇಲೆ ಅದೇ ಬಿರುಕು ಕೂಡಿಕೊಂಡಿತು.

ಆದ್ದರಿಂದ ಕಿಟಕಿ, ಬಾಗಿಲ ಮೂಲೆಗಳನ್ನು ಮೊದಲು ನೋಡಿ. ಪಾಯ ಎರೆ ದಾಟಿ ಕೆಳಗಿನ ಗಟ್ಟಿ ಮುರುಮ್ (ಗರಸು ಮಣ್ಣು) ತನಕ ಇಳಿದಿದೆಯಾ ಅಂತ ಕಟ್ಟಿದ ಮೇಸ್ತ್ರಿಯನ್ನೇ ಕೇಳಿ. ಬೋರಿನ ನೀರು ಕುಡಿದು ನೋಡಿ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಪಕ್ಕದ ಮನೆಯ ಅಕ್ಕನವರನ್ನು ವಿಚಾರಿಸಿ. ಅವರು ಸುಮ್ನೆ ಸುಳ್ಳು ಹೇಳುವುದಿಲ್ಲ, ಅಲ್ವಾ? ನೆಲಕ್ಕೆ ಶಹಾಬಾದ್ ಪರಸಿ ಕಲ್ಲು ಇದ್ದರೆ ಒಳ್ಳೆಯದು, ಬೇಸಿಗೆಯಲ್ಲಿ ಕಾಲಿಗೆ ತಂಪು.

ಕಾಗದದಲ್ಲಿ ಎನ್‌ಎ ಆದೇಶ (ಹೊಲದ ಜಾಗವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಆದೇಶ), ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ), 30 ವರ್ಷದ ಇಸಿ (ಆಸ್ತಿಯ ಮೇಲಿನ ಋಣಭಾರದ ಪತ್ರ) ಮೂರನ್ನೂ ವಕೀಲರಿಗೆ ತೋರಿಸಿ. ಮುಂಗಡ ಆಮೇಲೆ.

ರಾತ್ರಿ ಎಂಟರ ನಂತರ ಇನ್ನೊಮ್ಮೆ ಹೋಗಿ. ಬೀದಿ ದೀಪ ಉರಿಯುತ್ತದೆಯಾ, ಊರೊಳಗೆ ಬರಲು ಆಟೋ ಸಿಗುತ್ತದೆಯಾ ನೋಡಿ.